ಯಜಮಾನರು ಬೆವರುತ್ತಿದ್ದಾರೆ

ಮಾರ್ಚ್ 3, ಸೋಮವಾರ

ಹಾಸ್ಟೆಲ್‌ಗೆ ಬೀಗ. ನೀರಿನ ಪೈಪುಗಳನ್ನೆಲ್ಲ ಬದಲಾಯಿಸುತ್ತಾರಂತೆ, ತಿಂಗಳು ಪೂರ್ತಿ ಯಾರೂ ಇರುವ ಹಾಗಿಲ್ಲ. ಎಲ್ಲರೂ ಬ್ಯಾಗು ಎತ್ತಿಕೊಂಡು ಮನೆಗೆ ಹೋದರು. ನನಗೆ ಮನೆ ಎಂದರೆ ಅಪ್ಪನಿಗೆ ಆ ವರ್ಷ ಎಲ್ಲಿಗೆ ಟ್ರಾನ್ಸ್‌ಫರ್ ಆಗಿರುತ್ತದೋ ಆ ಊರು. ಈ ಸಲ ಅವರಿಗೆ ಸಿಕ್ಕಿರುವುದು ಒಂದೇ ರೂಮಿನ ಕ್ವಾರ್ಟರ್ಸ್. "ದೊಡ್ಡಮ್ಮನ ಮನೇಲಿರು, ಅಲ್ಲೇ ಕೂತು ಓದ್ಕೋ" ಎಂದರು ಅಪ್ಪ. ಓಕೆ ಎಂದೆ. ಆರು ವರ್ಷದವಳಿದ್ದಾಗ ಮೊದಲ ಹಾಸ್ಟೆಲ್ಲಿಗೆ ಬಿಟ್ಟು ಬಂದಾಗಿನಿಂದ ಓಕೆ ಎನ್ನುತ್ತಲೇ ಇದ್ದೇನೆ.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ನಾನು ಅವರನ್ನು ಸರಿಯಾಗಿ ನೋಡಿರುವುದೇ ಕಡಿಮೆ. ಬಾಗಿಲು ತೆಗೆದವರೇ ತುಟಿಯ ಮೇಲೆ ಬೆರಳಿಟ್ಟು, "ಮೆಲ್ಲಗೆ ಬಾ, ನಮ್ಮ ಯಜಮಾನ್ರಿಗೆ ಮೈ ಸರಿ ಇಲ್ಲ" ಎಂದರು. ನನಗೆ ಶಾಕ್. ದೊಡ್ಡಮ್ಮ ಮದುವೆಯೇ ಆಗಲಿಲ್ಲ ಎಂದು ಅಮ್ಮ ಹೇಳಿದ್ದ ನೆನಪು. ಹೊಸದಾಗಿ ಆಗಿರಬಹುದು, ನನಗೆ ಯಾರು ಹೇಳುತ್ತಾರೆ?

"ಸಾರಿ ದೊಡ್ಡಮ್ಮ, ನಂಗೆ ಗೊತ್ತಿರಲಿಲ್ಲ. ಡಾಕ್ಟರಿಗೆ ತೋರಿಸಿದ್ರಾ?"

"ತೋರಿಸ್ದೆ. ಇಳಿಸ್ಬೇಕು ಅಂದ."

ಏನನ್ನು ಇಳಿಸುವುದು ಎಂದು ಕೇಳುವ ಧೈರ್ಯವಾಗಲಿಲ್ಲ. ಹಿತ್ತಲಿನ ತಗಡಿನ ಶೆಡ್ಡಿಗೆ ಕರೆದುಕೊಂಡು ಹೋದರು. ಯಜಮಾನರು ಅಲ್ಲಿ ನಿಂತಿದ್ದರು. ಉದ್ದ ಮೂತಿಯ, ಗುಂಡು ಕಣ್ಣಿನ ಹಳೇ ಕಾಲದ ಲಾರಿ. ಹಿಂಬದಿಗೆ ಮರದ ಕಟ್ಟು, ಹಸಿರು ಬಾಗಿಲು, ಒರೆಸಿ ಒರೆಸಿ ಸವೆದ ಹಿಡಿಕೆ. ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಕ್ಕರಲ್ಲ ಎಂದು ನಾನೂ ನಕ್ಕೆ.

ಮನೆ ಬದಲಾಯಿಸುವವರ ಮಂಚ, ಬೀರು, ಫ್ರಿಜ್ಜುಗಳನ್ನು ಸಾಗಿಸುವುದು ದೊಡ್ಡಮ್ಮನ ಕೆಲಸ. ಓಡಿಸುವವರೂ ಅವರೇ. ಈಗ ಯಜಮಾನರು ಮಲಗಿರುವುದರಿಂದ ಅವರೂ ಕೈ ಕಟ್ಟಿ ಕೂತಿದ್ದಾರೆ. ಗೇರ್‌ಬಾಕ್ಸಿನ ಪಕ್ಕಕ್ಕೆ ಹೆಬ್ಬೆರಳಿನಷ್ಟು ದೊಡ್ಡ ಸ್ವಿಚ್ ಒಂದಿದೆ, ರಿವರ್ಸ್ ಹಾಕಿದಾಗ ಹಿಂದಿನ ದೀಪ ಹತ್ತಿಸುವುದು. ಅಲ್ಲಿಂದ ಆಯಿಲ್ ಇಳಿಯುತ್ತಿದೆ. ಫಿಟ್‌ನೆಸ್ ಟೆಸ್ಟಿನಲ್ಲಿ ಇನ್‌ಸ್ಪೆಕ್ಟರ್ ಗಾಡಿಯ ಕೆಳಗೆ ಬಿಳಿ ಹಾಳೆ ಹಾಸಿದರಂತೆ. ಟಪ್ ಎಂದು ಹನಿ ಬಿತ್ತಂತೆ. ಫೇಲ್. ಇಷ್ಟು ಹಳೇ ಗಾಡಿಗಳಿಗೆ ಎರಡೇ ಚಾನ್ಸ್. ಇಪ್ಪತ್ತೆಂಟನೇ ತಾರೀಖು ಎರಡನೆಯದು. ಅವತ್ತೂ ಹನಿ ಬಿದ್ದರೆ ನಂಬರ್ ಕ್ಯಾನ್ಸಲ್, ಗಾಡಿ ಗುಜರಿಗೆ.

"ಸೋರ್ತಿಲ್ಲ ಕಣೇ, ಬೆವರ್ತಿದ್ದಾರೆ ಅಷ್ಟೆ" ಎಂದರು ದೊಡ್ಡಮ್ಮ. ಅವರ ಪ್ರಕಾರ ಬೆವರುವುದು ಬೇರೆ, ಸೋರುವುದು ಬೇರೆ. ಒದ್ದೆ ಕಂಡರೆ ಬೆವರು, ಹನಿ ಬಿದ್ದರೆ ಸೋರಿಕೆ. ಕೆಳಗಿಟ್ಟ ತಟ್ಟೆಯಲ್ಲಿ ಕಪ್ಪಗೆ ಮಡುಗಟ್ಟಿತ್ತು.

ಮಾರ್ಚ್ 5, ಬುಧವಾರ

ಇವತ್ತು "ಬಾತ್‌ರೂಮಿಗೆ ಹೋಗಬಹುದಾ?" ಎಂದು ಕೇಳಿ ಬೈಸಿಕೊಂಡೆ.

"ಅದಕ್ಕೂ ಪರ್ಮಿಶನ್ನಾ? ತಡೀ, ಗಂಟೆ ಬಾರಿಸ್ತೀನಿ" ಎಂದು ಚಮಚದಿಂದ ತಟ್ಟೆ ಬಡಿದರು. ನನ್ನ ಸೋಪಿನ ಡಬ್ಬಿಯ ಮೇಲೆ ರೋಲ್ ನಂಬರ್ ಬರೆದಿರುವುದನ್ನೂ ನೋಡಿಬಿಟ್ಟರು. "ಈ ಮನೇಲಿ ನಿನ್ನ ಸೋಪು ಕದಿಯೋಕೆ ಇರೋದು ನಾನೊಬ್ಬಳೇ. ನಂಬರ್ ಓದೋಕೆ ನಂಗೆ ಕನ್ನಡಕ ಬೇಕು. ಮತ್ತೆ ಅದೇನೇ ನೀವು ನೀವು ಅಂತ? ನಿಮ್ಮಮ್ಮನ್ನ ಎತ್ತಿ ಆಡಿಸಿದೋಳು ನಾನು. ನಾನೇನು ನಿಮ್ಮ ವಾರ್ಡನ್ನಾ?"

"ಸಾರಿ ದೊಡ್ಡಮ್ಮ, ಇನ್ಮೇಲೆ ಅನ್ನಲ್ಲ. ನೀವು ಬೇಜಾರು ಮಾಡ್ಕೋಬೇಡಿ."

ಹಣೆ ಚಚ್ಚಿಕೊಂಡರು.

ಮಧ್ಯಾಹ್ನವೆಲ್ಲ ವರ್ಕ್‌ಶಾಪ್ ಪುಸ್ತಕ ಹಿಡಿದು ಕೂತಿದ್ದೆ. ಮೆಕ್ಯಾನಿಕಲ್ ಫಸ್ಟ್ ಇಯರ್, ಎಲ್ಲ ಪಾಸ್, ಒಂದು ವೈವಾ ಬಿಟ್ಟು. ಲೆಕ್ಚರರ್ ಎಣ್ಣೆಯಲ್ಲಿ ಅದ್ದಿ ಒರೆಸಿದ ಒಂದು ಕಬ್ಬಿಣದ ತುಂಡಿನ ಮೇಲೆ ಬಿಳಿ ಪುಡಿ ಉದುರಿಸಿ "ಇದು ಯಾಕೆ?" ಎಂದು ಕೇಳಿದ್ದರು. ಆನ್ಸರ್ ಗೊತ್ತಿತ್ತು. ಪುಟದ ಸಮೇತ ಗೊತ್ತಿತ್ತು. ಆದರೆ ಕಿವಿಯಲ್ಲಿ ಗುಂಯ್ ಎಂದು ಶುರುವಾಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. "ಕನ್ನಡದಲ್ಲಾದ್ರೂ ಹೇಳಮ್ಮ" ಎಂದರು. ಅದರಲ್ಲೂ ಬರಲಿಲ್ಲ. ಇಂಗ್ಲಿಷಿನಲ್ಲಿ ಓದಿದ್ದು, ಕನ್ನಡದಲ್ಲಿ ಹೆದರಿದ್ದು. ನಡುವೆ ಎಲ್ಲೋ ಮಾತು ಬಿದ್ದುಹೋಯಿತು.

ಮತ್ತೆ ಏಪ್ರಿಲ್‌ನಲ್ಲಿ ಅದೇ ವೈವಾ. ಐ ವಿಲ್ ಡೈ.

ಮಾರ್ಚ್ 8, ಶನಿವಾರ

ಮೆಕ್ಯಾನಿಕ್ ಬಂದಿದ್ದರು. ಬೀದಿಯಲ್ಲೆಲ್ಲ ಅವರಿಗೆ 'ಇಳಿಸೋಣ' ಎಂದೇ ಹೆಸರು. ಕ್ಲಚ್ ಜಾರಿದರೆ ಇಳಿಸೋಣ, ಬ್ರೇಕ್ ಕಿರುಚಿದರೆ ಇಳಿಸೋಣ, ಹಾರನ್ ಕೂಗದಿದ್ದರೂ ಇಳಿಸೋಣ. ಈ ಮೊದಲೇ ಒಂದು ಹೊಸ ಸ್ವಿಚ್ ಹಾಕಿದ್ದರು, ಅದೂ ಸೋರಿತ್ತು. ಇವತ್ತು ಅದನ್ನು ಬಿಚ್ಚಿ ಇನ್ನೊಂದು ಹಾಕಿದರು. ಹೊಸ ತಾಮ್ರದ ವಾಷರ್, ತಿರುಪಿನ ಮರೆಗಳಿಗೆಲ್ಲ ಗಮ್ಮು. ದೊಡ್ಡಮ್ಮ ಬೀದಿ ಸುತ್ತಿಸಿಕೊಂಡು ಬಂದರು. ಕೆಳಗೆ ಹಳೇ ಕ್ಯಾಲೆಂಡರಿನ ಬೆನ್ನು ಹಾಸಿ, ಮೂವರೂ ಟೀ ಲೋಟ ಹಿಡಿದು ಕಾಯುತ್ತ ನಿಂತೆವು.

ಟಪ್.

"ಸ್ವಿಚ್ಚಲ್ಲ ಅಕ್ಕ" ಎಂದರು ಇಳಿಸೋಣ. "ಒಳಗೇ ಸವೆದಿದೆ. ಗೇರ್‌ಬಾಕ್ಸ್ ಇಳಿಸೋಣ."

"ಇಳಿಸ್ತೀಯ ಸರಿ. ಹತ್ತಿಸೋದು ಯಾವಾಗ?"

"ಪಾರ್ಟು ಸಿಕ್ಕಾಗ. ಮಾಡಿದವರೇ ಮರೆತಿರೋ ಗಾಡಿ ಅಕ್ಕ ಇದು. ಇಪ್ಪತ್ತೆಂಟರೊಳಗೆ ಕನಸು."

ದೊಡ್ಡಮ್ಮ ಟೀ ಪೂರ್ತಿ ಕುಡಿಯಲಿಲ್ಲ.

ಒಳಗೆ ಸವೆದಿದ್ದರೆ ಶಾಫ್ಟ್ ಹೊರಬರುವ ಕಡೆ ಒಸರಬೇಕಲ್ಲವೇ? ಎಲ್ಲ ಬಿಟ್ಟು ಸ್ವಿಚ್ಚಿನಲ್ಲೇ ಯಾಕೆ? ಕೇಳಬೇಕೆನಿಸಿತು. "ಸಾರಿ, ಒಂದು ಡೌಟು" ಎಂದೆ. "ಹೇಳಿ ಇಂಜಿನಿಯರಮ್ಮ" ಎಂದು ಅವರು ನನ್ನ ಕಡೆ ಪೂರ್ತಿ ತಿರುಗಿದರು. ಅಷ್ಟೇ. ಗುಂಯ್.

"ಏನಿಲ್ಲ, ಟೀ ತಣ್ಣಗಾಗಿದೆ ಅಂತ" ಎಂದೆ.

ಥೂ ನನ್ನ.

ಮಾರ್ಚ್ 9, ಭಾನುವಾರ

ಬಿಳಿ ಪುಡಿ ಯಾಕೆ? ಎಣ್ಣೆ ಎಲ್ಲಿಂದ ಹೊರಡುತ್ತದೆ ಎಂದು ಕಾಣುವುದಕ್ಕೆ. ಎಲ್ಲಿ ಬೀಳುತ್ತದೆ ಎನ್ನುವುದು ಮುಖ್ಯವಲ್ಲ. ಎಲ್ಲಿ ಹುಟ್ಟುತ್ತದೆ ಎನ್ನುವುದು ಮುಖ್ಯ. ಮುಗಿಯಿತು, ಇಷ್ಟೇ ಆನ್ಸರ್. ಬೆಳಿಗ್ಗೆ ಮುಖಕ್ಕೆ ಪೌಡರ್ ಹಚ್ಚಿಕೊಳ್ಳುವಾಗ ಬಂತು. ಆಗ ಬರಬೇಕಿತ್ತು, ಈಗ ಬಂತು.

ಆದರೆ ಬಂತಲ್ಲ.

ಮಾರ್ಚ್ 11, ಮಂಗಳವಾರ

ಹೇಳಿಬಿಟ್ಟೆ. ಮೊದಲು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ, ಬ್ರೆಡ್ಡಿಗೇ ಹೇಳುವ ಹಾಗೆ ಹೇಳಿದೆ. "ನಂಗೆ ಒಂದು ಸಲ ನೋಡ್ಬೇಕು. ಸಾರಿ. ಬರೀ ನೋಡ್ತೀನಿ, ಏನೂ ಬಿಚ್ಚಲ್ಲ."

"ಯಾರನ್ನ?"

"ಯಜಮಾನ್ರನ್ನ."

ದೊಡ್ಡಮ್ಮ ತಮ್ಮ ಹಳೇ ಪ್ಯಾಂಟು, ಒಂದು ಅಗಲದ ರಟ್ಟು ಕೊಟ್ಟರು. ರಟ್ಟಿನ ಮೇಲೆ ಮಲಗಿ ಬೆನ್ನಿನಲ್ಲಿ ತೆವಳಿ ಒಳಗೆ ಹೋದೆ. ಮೇಲೆ ನೋಡಿದರೆ ಕಣ್ಣು ಕುಕ್ಕುವ ಬೆಳ್ಳಿ ಬಣ್ಣ. ಗೇರ್‌ಬಾಕ್ಸಿಗೆ ಯಾರಾದರೂ ಬೆಳ್ಳಿ ಬಣ್ಣ ಬಳಿಯುತ್ತಾರೆಯೇ?

"ಹೋದ ವರ್ಷ ಆ ಇನ್‌ಸ್ಪೆಕ್ಟರು 'ಗಾಡಿ ಹೊಟ್ಟೆ ಕೊಳಕು' ಅಂದಿದ್ದ" ಎಂದಿತು ಹೊರಗಿನಿಂದ ದೊಡ್ಡಮ್ಮನ ಧ್ವನಿ. ನನಗೆ ಕಾಣುತ್ತಿದ್ದುದು ಅವರ ಚಪ್ಪಲಿ ಮಾತ್ರ. "ಈ ವರ್ಷ ಅವನು ಮುಖ ನೋಡ್ಕೊಂಡು ತಲೆ ಬಾಚ್ಕೊಳ್ಳಲಿ ಅಂತ ನಾನೇ ಬಳಿದೆ. ಮೂರು ಕೋಟು! ಕಾಲಡಿಯ ತಗಡು ಬಿಚ್ಚಿ ಮೇಲಿಂದಾನೂ ಬಿಡಲಿಲ್ಲ. ಬಳಿದ ಮೇಲೇ ಯಾವನದೋ ಕಣ್ಣು ಬಿತ್ತು ನೋಡು."

ಸ್ವಿಚ್ಚನ್ನೂ ಸುತ್ತಲಿನ ಜಾಗವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಒಣಗಿಸಿ, ನನ್ನ ಪೌಡರ್ ಡಬ್ಬಿ ತೆಗೆದು ಎಲ್ಲ ಕಡೆ ಉದುರಿಸಿದೆ. ಅಷ್ಟರಲ್ಲಿ ಇಳಿಸೋಣ ಏನೋ ಸ್ಪ್ಯಾನರ್ ಮರೆತಿದ್ದೆನೆಂದು ಬಂದವರು ಬಗ್ಗಿ ನೋಡಿದರು.

"ಪೌಡರ್ರಾ? ಸ್ನಾನ ಆಯ್ತಾ ಮಗೂಗೆ? ಕಾಡಿಗೆ ಇಡೋದು ಮರೀಬೇಡಿ."

ನನ್ನ ಕಿವಿ ಬಿಸಿಯಾಯಿತು. ಆದರೆ ಗಾಡಿಯ ಕೆಳಗೆ ಮಲಗಿದವಳ ಕಿವಿ ಯಾರಿಗೂ ಕಾಣುವುದಿಲ್ಲ. ಒಳ್ಳೆಯ ಜಾಗ.

ದೊಡ್ಡಮ್ಮ ಒಂದು ಸುತ್ತು ಓಡಿಸಿಕೊಂಡು ಬಂದ ಮೇಲೆ ಟಾರ್ಚ್ ಹಿಡಿದು ನೋಡಿದೆ. ವಾಷರಿನ ಸುತ್ತ ಪುಡಿ ಬೆಳ್ಳಗೆ, ಹಿಟ್ಟಿನಂತೆ ಹಾಗೇ ಇದೆ. ಮರೆಗಳ ಕಡೆಯೂ ಒಣಗಿದೆ. ಮೇಲಿನ ಮುಚ್ಚಳದಿಂದ ಇಳಿದ ಗುರುತಿಲ್ಲ. ಒದ್ದೆ ಹುಟ್ಟಿರುವುದು ಸ್ವಿಚ್ಚಿನ ನಟ್ಟನಡುವೆ, ವೈರ್ ಸಿಕ್ಕಿಸುವ ಪಿನ್ನಿನ ಬುಡದಲ್ಲಿ. ಅಲ್ಲಿಂದ ಒಂದೇ ಒಂದು ಕಪ್ಪು ದಾರ ಕೆಳಗೆ.

ಸ್ವಿಚ್ಚಿನ ಹೊಟ್ಟೆಯೊಳಗಿಂದಲೇ ಬರುತ್ತಿದೆ. ಎರಡು ಹೊಸ ಸ್ವಿಚ್, ಎರಡಕ್ಕೂ ಒಂದೇ ಕಾಯಿಲೆ? ಹೊಸದು ಒಂದು ಕೆಟ್ಟಿರಬಹುದು. ಎರಡೂ ಕೆಟ್ಟರೆ ತಪ್ಪು ಸ್ವಿಚ್ಚಿನದಲ್ಲ. ಹಿಂದಿನಿಂದ ಏನೋ ತಳ್ಳುತ್ತಿದೆ.

ಮಾರ್ಚ್ 12, ಬುಧವಾರ

ಅಪ್ಪನ ಫೋನ್. ಮೆಕ್ಯಾನಿಕಲ್ ಬೇಡ, ಬ್ರಾಂಚ್ ಬದಲಾಯಿಸು, ನಿನ್ನ ಸ್ವಭಾವಕ್ಕೆ ಅದು ಆಗಿಬರಲ್ಲ ಎಂದರು. "ನೋಡೋಣ" ಎಂದೆ. "ನೋಡೋಣ ಅಂದ್ರೆ?" ಎಂದರು. "ನೋಡೋಣ ಅಂದ್ರೆ ನೋಡೋಣ ಅಪ್ಪ."

ಊಟ ಸೇರಲಿಲ್ಲ.

ಮಾರ್ಚ್ 14, ಶುಕ್ರವಾರ

ಆಯಿಲ್ ಹೆಚ್ಚಾಗಿ ತುಂಬಿದ್ದಾರೆ, ಅದೇ ತಳ್ಳುತ್ತಿದೆ ಎಂದುಕೊಂಡೆ. ಗಾಡಿ ಒಂದು ಸುತ್ತು ಹೋಗಿ ಬಂದ ಕೂಡಲೇ, ಬಿಸಿಯಿರುವಾಗಲೇ, ಆಯಿಲ್ ಹಾಕುವ ಬಿರಡೆಯನ್ನು ಸ್ಪ್ಯಾನರಿನಿಂದ ಸಡಿಲಿಸಿದೆ. ಹೆಚ್ಚಿದ್ದರೆ ಹೊರಗೆ ಇಳಿಯಬೇಕು.

ಇಳಿಯಲಿಲ್ಲ. ಉಸ್ಸ್ ಎಂದಿತು.

ಪ್ರೆಶರ್ ಕುಕ್ಕರಿನಂತೆ, ದೀರ್ಘವಾಗಿ. ಜೊತೆಗೆ ಮುಖಕ್ಕೆ ಒಂದಿಷ್ಟು ತುಂತುರು. ನಾನು ಕಿರುಚಿದ್ದಕ್ಕೆ ದೊಡ್ಡಮ್ಮ ಓಡಿ ಬಂದರು. ನನ್ನ ಮುಖ ನೋಡಿ, "ಅಯ್ಯೋ ಕಾಡಿಗೆನೂ ಆಯ್ತಲ್ಲೇ!" ಎಂದರು.

ಆಯಿಲ್ ಹೆಚ್ಚಾಗಿಲ್ಲ, ಸರಿಯಾದ ಮಟ್ಟದಲ್ಲೇ ಇದೆ. ಅಂದರೆ ನಾನು ಅಂದುಕೊಂಡಿದ್ದು ತಪ್ಪು. ಆದರೆ ಉಸ್ಸ್ ಎಂದಿದ್ದು ಸುಳ್ಳಲ್ಲ. ಒಳಗೆ ಗಾಳಿ ಸಿಕ್ಕಿಕೊಂಡಿದೆ. ಬಿಸಿಯಾದರೆ ಉಬ್ಬುತ್ತದೆ, ಹೊರಗೆ ಹೋಗಲು ದಾರಿ ಸಿಗದೆ ಎಲ್ಲಿ ದುರ್ಬಲವೋ ಅಲ್ಲಿ ನುಗ್ಗುತ್ತದೆ. ದುರ್ಬಲ ಎಂದರೆ ಪಿನ್ನಿನ ಬುಡ.

ಹಾಗಾದರೆ ಆ ಗಾಳಿ ಮೊದಲು ಎಲ್ಲಿಂದ ಹೋಗುತ್ತಿತ್ತು? ಇಷ್ಟು ವರ್ಷ ಎಲ್ಲಿಂದ ಹೋಗುತ್ತಿತ್ತು?

ಮಾರ್ಚ್ 16, ಭಾನುವಾರ

ಸಿಕ್ಕಿತು. ಸಿಕ್ಕಿದ್ದೇ ತಪ್ಪಾಯಿತೇನೋ.

ಪುಸ್ತಕದ ಗೇರ್‌ಬಾಕ್ಸ್ ಚಿತ್ರದಲ್ಲಿ ಎಲ್ಲಕ್ಕಿಂತ ಮೇಲೆ ಒಂದು ಪುಟ್ಟ ಅಣಬೆಯಿದೆ. ಬ್ರೀದರ್ ಎಂದು ಬಾಣ. ಗಾಡಿ ಉಸಿರಾಡುವ ಜಾಗ. ಪರೀಕ್ಷೆಯಲ್ಲಿ ಆ ಬಾಣ ಬಿಟ್ಟರೆ ಅರ್ಧ ಮಾರ್ಕು ಹೋಗುತ್ತದೆ ಎಂದು ಬಾಯಿಪಾಠ ಮಾಡಿದ್ದೆ. ಇವತ್ತು ಕ್ಯಾಬಿನ್ನಿನಲ್ಲಿ ಕಾಲಡಿಯ ತಗಡು ಬಿಚ್ಚಿ ಮೇಲಿನಿಂದ ನೋಡಿದೆ. ಅಣಬೆ ಇದೆ. ಬೆಳ್ಳಿಯ ಅಣಬೆ. ಅದರ ಅಂಚಿನ ಕೆಳಗೆ ಸುತ್ತ ತೂತುಗಳಿರಬೇಕು. ಬೆರಳಾಡಿಸಿದರೆ ಎಲ್ಲ ನುಣ್ಣಗೆ, ಮೊಟ್ಟೆಯ ಹಾಗೆ.

ದೊಡ್ಡಮ್ಮನನ್ನು ಕರೆದೆ.

"ಇದೇನಿದು?"

"ಗುಂಡಿ. ಹುಟ್ಟಿದಾಗಿಂದ ಇದೆ."

"ಇದು ಮೂಗು ದೊಡ್ಡಮ್ಮ. ಬಣ್ಣ ಕೂತು ಮುಚ್ಚಿಹೋಗಿದೆ. ಅದಕ್ಕೇ ಸ್ವಿಚ್ಚಿಂದ ಬರ್ತಿದೆ."

ದೊಡ್ಡಮ್ಮ ಅಣಬೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಅರ್ಥವಾದ ಮೇಲೆ ಅವರ ಮುಖ ನೋಡಲಾಗಲಿಲ್ಲ.

"ಅಂದ್ರೆ ನಾನೇ ಉಸಿರು ಕಟ್ಟಿಸ್ದೆ ಅಂತೀಯಾ?"

"ಹಾಗಲ್ಲ…"

"ಹಾಗೇ! ನಿನಗೆ ಹಲ್ಲು ಬರೋಕೆ ಮುಂಚಿಂದ ಸಾಕಿದ್ದೀನಿ ಈ ಗಾಡೀನ. ಜ್ವರ ಬಂದ್ರೂ ಮೊದಲು ಇದಕ್ಕೆ ನೀರು ಹಾಕಿ ಆಮೇಲೆ ನಾನು ಮಾತ್ರೆ ನುಂಗಿದೋಳು. ಪ್ರೀತಿಯಿಂದ ಬಳಿದ ಬಣ್ಣ ಅದು. ಬಾಯಿ ಬಿಡೋಕಾಗದೆ ಪರೀಕ್ಷೇಲಿ ಫೇಲಾದೋಳು ನಂಗೆ ಪಾಠ ಹೇಳ್ತೀಯಾ?"

ಕಣ್ಣು ತುಂಬಿತು. ಆದರೆ ಬಾಯಿ ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲವೋ.

"ಹೇಳ್ತೀನಿ. ಪ್ರೀತಿಯಿಂದಾನೇ ಬಳಿದೆ, ಒಪ್ತೀನಿ. ತೂತಿಗೆ ಅದೆಲ್ಲ ಗೊತ್ತಾಗತ್ತಾ? ಮೂರು ಕೋಟು ಬಳಿದಿದ್ದು ನೀನು. ಆಮೇಲೇ ಸೋರೋಕೆ ಶುರುವಾಯ್ತು ಅಂತ ಹೇಳಿದ್ದೂ ನೀನೇ. ಕಣ್ಣು ಬಿದ್ದಿಲ್ಲ, ಬಣ್ಣ ಬಿದ್ದಿದೆ. ನಿಂಗೆ ಬೇಜಾರಾಗತ್ತೆ ಅಂತ ಸುಮ್ನಿದ್ರೆ ಗಾಡಿ ಗುಜರಿಗೆ ಹೋಗತ್ತೆ. ಹೋಗ್ಲಾ?"

ದೊಡ್ಡಮ್ಮ ನನ್ನನ್ನೇ ನೋಡುತ್ತ ನಿಂತಳು. ಒಂದು ಬಣ್ಣದ ಮಾತಿಗೆ ಅಷ್ಟು ಹೊತ್ತು ಯಾಕೆ ನೋಡಬೇಕೋ. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾರ್ಚ್ 17, ಸೋಮವಾರ

ಮಾತಿಲ್ಲ. ಪಾತ್ರೆಗಳು ಮಾತ್ರ ಮಾತಾಡುತ್ತಿವೆ. ನಾನೂ ಏನು ಕಡಿಮೆ, ನನ್ನ ತಟ್ಟೆಯನ್ನೂ ಟಣ್ ಎಂದು ಇಟ್ಟೆ.

ಮಾರ್ಚ್ 18, ಮಂಗಳವಾರ

ಬೆಳಿಗ್ಗೆ ಎದ್ದು ಶೆಡ್ಡಿಗೆ ಹೋದರೆ ದೊಡ್ಡಮ್ಮ ಆಗಲೇ ಕ್ಯಾಬಿನ್ನಿನಲ್ಲಿ ಮಂಡಿಯೂರಿ ಕೂತಿದ್ದಳು. ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಹೊಲಿಗೆ ಸೂಜಿ. ಅಣಬೆಯ ಅಂಚಿನಲ್ಲಿ ಒಂದು ಕಡೆ ಬಣ್ಣ ಕೆರೆದಿದ್ದಳು. ಸೂಜಿ ಬಾಗಿಹೋಗಿತ್ತು.

"ತೂತು ಇದೆ ಕಣೇ" ಎಂದಳು, ತಿರುಗದೆ.

"ಇದೆ ಅಂತ ಹೇಳಿದ್ನಲ್ಲ."

"ಹೇಳಿದೆ ಮಹಾತಾಯಿ. ಈಗ ಸೂಜಿ ಕೊಡು, ಇದು ಸತ್ತುಹೋಯ್ತು."

ಸೂಜಿಯಲ್ಲಿ ಆಗುವ ಕೆಲಸವಲ್ಲ, ಬಣ್ಣದ ಚೂರು ಒಳಗೆ ಉದುರಿದರೆ ಗೇರಿನ ಹಲ್ಲಿಗೆ ಸಿಗುತ್ತದೆ, ಪೂರ್ತಿ ಬಿಚ್ಚಿ ತಿನ್ನರಿನಲ್ಲಿ ನೆನೆಸಬೇಕು ಎಂದೆ. "ಬಿಚ್ಚೋದಾ?" ಎಂದಳು, ಯಾರದೋ ಹಲ್ಲು ಕೀಳುತ್ತೇನೆ ಎಂದ ಹಾಗೆ. ಬಿಚ್ಚಿದೆ. ಸ್ಪ್ಯಾನರ್ ಎರಡು ಸಲ ಜಾರಿತು. ಮೂರನೇ ಸಲ ತಿರುಗಿತು. ಲೋಟದಲ್ಲಿ ನೆನೆಸಿ, ಹಳೇ ಟೂತ್‌ಬ್ರಷ್ಷಿನಲ್ಲಿ ತಿಕ್ಕಿ, ಬಾಯಿಟ್ಟು ಊದಿದೆ. ಒಂದೊಂದೇ ತೂತಿನಿಂದ ಗಾಳಿ ಬಂತು. ತಿನ್ನರಿನ ರುಚಿ ಇನ್ನೂ ನಾಲಿಗೆಯ ಮೇಲಿದೆ, ಅಸಹ್ಯ.

ಬಣ್ಣ ಹೋದ ಮೇಲೆ ಅದು ಹಳದಿ ಹಿತ್ತಾಳೆ. "ಬೆಳ್ಳಿಗಿಂತ ಚೆನ್ನಾಗಿದೆ" ಎಂದಳು ದೊಡ್ಡಮ್ಮ. ಅಷ್ಟೇ ಹೇಳಿದ್ದು.

ಮಾರ್ಚ್ 24, ಸೋಮವಾರ

ನಾಲ್ಕು ಸಲ ಓಡಿಸಿದೆವು. ಬಿರಡೆ ತೆಗೆದರೆ ಉಸ್ ಇಲ್ಲ. ಪೌಡರ್ ಬೆಳ್ಳಗಿದೆ. ಕ್ಯಾಲೆಂಡರ್ ಒಣಗಿದೆ. ಇಳಿಸೋಣ ಬಂದು, ಬಗ್ಗಿ, ಎದ್ದು, ಮತ್ತೆ ಬಗ್ಗಿ ನೋಡಿದರು.

"ಸದ್ಯಕ್ಕೆ ನಿಂತಿದೆ" ಎಂದರು. "ಯಾವುದಕ್ಕೂ ಒಂದ್ಸಲ ಇಳಿಸಿ ನೋಡೋದು ಒಳ್ಳೇದು."

"ನಿಮ್ಮ ತಲೆ ಮೇಲಿನ ಟೋಪಿ ಮೊದ್ಲು ಇಳಿಸಿ, ಗಾಳಿ ಆಡ್ಲಿ" ಎಂದೆ.

ಅವರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಓದುವುದು ಬಹಳ ಬಾಕಿಯಿದೆ, ನಾಳೆಯಿಂದ ಓದಬೇಕು.

ಮಾರ್ಚ್ 28, ಶುಕ್ರವಾರ

ಇವತ್ತಿನದನ್ನು ಎಲ್ಲ ಬರೆಯಬೇಕು. ಕೈ ತೊಳೆದರೂ ಪೆನ್ನು ಜಾರುತ್ತಿದೆ.

ಟೆಸ್ಟ್ ಮೈದಾನ ಊರಾಚೆ, ತುಂಬಾ ದೂರ. ಹೊರಡುವ ಮುಂಚೆ ಸ್ವಿಚ್ಚಿಗೆ ಹೊಸದಾಗಿ ಪೌಡರ್ ಹಾಕಿದೆ. ಬಿಸಿಲು ಏರಿತ್ತು, ರಸ್ತೆ ತುಂಬ ಏರಿಳಿತ. ಮೈದಾನದಲ್ಲಿ ಉದ್ದ ಸಾಲು. ನಮ್ಮ ಹಿಂದೆ ಒಂದು ಹಳೇ ಸ್ಕೂಲ್ ಬಸ್ಸು, ಅದರ ಡ್ರೈವರ್ ಬಿಳಿ ಮೀಸೆಯ ದಪ್ಪ ಮನುಷ್ಯರು.

ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ಕಚ್ಚುತ್ತ ಬಂದರು. "ಗಾಡಿ ಯಜಮಾನರು ಯಾರು?"

"ಗಾಡಿನೇ ಯಜಮಾನ್ರು. ನಾನು ಡ್ರೈವರ್ರು" ಎಂದಳು ದೊಡ್ಡಮ್ಮ. ಸಾಲಿನಲ್ಲಿ ನಾಲ್ಕು ಜನ ನಕ್ಕರು. ಇನ್‌ಸ್ಪೆಕ್ಟರ್ ನಗಲಿಲ್ಲ.

ಬ್ರೇಕ್ ಸರಿ. ದೀಪ ಸರಿ. ಹಾರನ್ ಸರಿ. ಕೊನೆಗೆ ಬಿಳಿ ಹಾಳೆ. ಎಂಜಿನ್ ಓಡುತ್ತಿತ್ತು, ದೊಡ್ಡಮ್ಮ ಒಂದೊಂದೇ ಗೇರ್ ಹಾಕಿ ತೆಗೆದಳು. ನಾನು ಹಾಳೆಯನ್ನೇ ನೋಡುತ್ತಿದ್ದೆ.

ಟಪ್.

ಕಪ್ಪು ಚುಕ್ಕೆ, ಹಾಳೆಯ ನಟ್ಟನಡುವೆ.

"ಸೋರ್ತಿದೆ" ಎಂದರು ಇನ್‌ಸ್ಪೆಕ್ಟರ್. "ಫೇಲ್."

ದೊಡ್ಡಮ್ಮ ಎಂಜಿನ್ ಆರಿಸಿ ಇಳಿದಳು. ಇನ್‌ಸ್ಪೆಕ್ಟರ್ ಜೊತೆ ಜಗಳವಾಡುತ್ತಾಳೆ ಎಂದುಕೊಂಡೆ, ಆಡಲಿಲ್ಲ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತಳು. "ಆಯ್ತು ಬಿಡು, ಮಾಡೋಷ್ಟು ಮಾಡಿದ್ವಿ" ಎಂದಳು, ನನಗೋ ಗಾಡಿಗೋ. ನನ್ನ ಕಿವಿಯಲ್ಲಿ ಗುಂಯ್ ಶುರುವಾಯಿತು. ಎಲ್ಲ ನಿಂತು ನೋಡುತ್ತಿದ್ದರು. ನಾಲಿಗೆ ಎಲ್ಲಿಗೆ ಹೋಗುತ್ತಿದೆ ಎಂದು ಗೊತ್ತಾಗುತ್ತಿತ್ತು.

"ತಡೀರಿ" ಎಂದೆ. "ಎಲ್ಲಿಂದ ಅಂತ ನೋಡದೆ ಸೋರ್ತಿದೆ ಅಂತ ಬರೀಬೇಡಿ."

"ನೀವು ಯಾರಮ್ಮ?"

"ಬಿಸಿ ಇರುವಾಗ್ಲೇ ನೋಡ್ಬೇಕು. ಆಮೇಲೆ ಹೇಳ್ತೀನಿ ಯಾರು ಅಂತ."

ರಟ್ಟೂ ಇರಲಿಲ್ಲ. ಮಣ್ಣಿನ ಮೇಲೇ ಮಲಗಿ ಒಳಗೆ ತೆವಳಿದೆ. ಸ್ವಿಚ್ಚಿನ ಸುತ್ತ ಪೌಡರ್ ಬೆಳ್ಳಗೆ. ಪಿನ್ನಿನ ಬುಡವೂ ಬೆಳ್ಳಗೆ! ಹಾಗಾದರೆ ಹನಿ? ವೈರನ್ನು ಬೆರಳಿನಲ್ಲಿ ಸವರಿಕೊಂಡು ಹೋದೆ. ಸ್ವಿಚ್ಚಿನಿಂದ ಹೊರಟ ವೈರ್ ಸೈಲೆನ್ಸರ್ ಪೈಪಿನ ಪಕ್ಕ ಜೋತುಬಿದ್ದು ಮೇಲೆ ಹೋಗುತ್ತದೆ. ಜೋತುಬಿದ್ದ ಜಾಗದಲ್ಲಿ ಹೊದಿಕೆ ಬಿರುಕು ಬಿಟ್ಟಿತ್ತು. ಹಿಂಡಿದೆ. ನನ್ನ ಅಂಗೈಗೆ ಆಯಿಲ್ ಬಂತು.

ಎಷ್ಟು ದಿನ ತಳ್ಳಿತ್ತೋ ಆ ಗಾಳಿ, ಆಯಿಲ್ ಪಿನ್ನಿನಿಂದ ವೈರಿನ ಎಳೆಗಳೊಳಗೆ ಹತ್ತಿ, ದೀಪದ ಬತ್ತಿಯಂತೆ ಕುಡಿದುಕೊಂಡು ಕೂತಿತ್ತು. ಬೀದಿ ಸುತ್ತುವಾಗ ಪೈಪು ಇಷ್ಟು ಕಾಯುತ್ತಿರಲಿಲ್ಲ. ಇವತ್ತಿನ ದೂರಕ್ಕೆ ಕಾದಿತ್ತು, ಆಯಿಲ್ ತೆಳ್ಳಗಾಗಿತ್ತು, ಇಳಿದಿತ್ತು.

ಹೊರಗೆ ಬಂದು ಇದನ್ನೇ ಹೇಳಿದೆ. ಅರ್ಧ ಕನ್ನಡ ಅರ್ಧ ಇಂಗ್ಲಿಷು, ಯಾವುದು ಮೊದಲು ಸಿಕ್ಕಿತೋ ಅದು. ಇನ್‌ಸ್ಪೆಕ್ಟರ್ ಪೂರ್ತಿ ಕೇಳಿಸಿಕೊಂಡರು.

"ಸರಿ. ಗಾಡಿ ಸೋರ್ತಿಲ್ಲ, ವೈರ್ ಸೋರ್ತಿದೆ. ವೈರ್ ಯಾರದ್ದು? ಪಕ್ಕದ ಮನೆಯವರದ್ದಾ?"

ಸಾಲಿನಲ್ಲಿ ಮತ್ತೆ ನಗು. ಬಸ್ಸಿನವರು ಜೋರಾಗಿಯೇ ನಕ್ಕರು.

"ಗಾಡಿದೇ. ಕತ್ತರಿಸಿ ಎಸೀತೀನಿ. ಹೊಸ ವೈರ್ ಹಾಕ್ತೀನಿ. ಹೊಸ ಹಾಳೆ ಹಾಸಿ, ಎಷ್ಟು ಹೊತ್ತು ಬೇಕಾದ್ರೂ ಓಡ್ಸಿ. ಹನಿ ಬಿದ್ರೆ ನಾನೇ ಗುಜರಿಗೆ ದಾರಿ ತೋರಿಸ್ತೀನಿ. ನಿಮ್ಮ ಟೆಸ್ಟಿನ ಟೈಮ್ ಸಂಜೆವರೆಗೂ ಇದೆ, ಬೋರ್ಡಲ್ಲಿ ಬರೆದಿದೆ."

"ಏಯ್, ಸಾಹೇಬ್ರ ಜೊತೆ ಹಾಗೆಲ್ಲ…" ಎಂದು ದೊಡ್ಡಮ್ಮ ನನ್ನ ತೋಳು ಹಿಡಿದಳು.

"ನೀನು ಸುಮ್ನಿರು" ಎಂದೆ. "ಇಕ್ಕಳ ಕೊಡು."

ಕೊಟ್ಟಳು. ವೈರ್ ನಮ್ಮ ಹತ್ತಿರ ಇರಲಿಲ್ಲ. ಸಾಲಿನ ಕಡೆ ತಿರುಗಿ "ಯಾರ ಹತ್ರನಾದ್ರೂ ವೈರ್ ಇದ್ಯಾ?" ಎಂದು ಕೂಗಿದೆ. ಯಾರೂ ಕದಲಲಿಲ್ಲ. ಇನ್ನೊಂದು ಸಲ, ಇನ್ನೂ ಜೋರಾಗಿ ಕೂಗಿದೆ. ನಗುತ್ತಿದ್ದ ಬಸ್ಸಿನವರೇ ಸೀಟಿನ ಕೆಳಗಿಂದ ಒಂದು ಸುರುಳಿ ತೆಗೆದುಕೊಂಡು ಬಂದರು. "ಗಂಟಲು ಚೆನ್ನಾಗಿದೆ ನಿಂದು" ಎಂದರು.

ಹಳೇ ವೈರ್ ಕತ್ತರಿಸಿದೆ. ಕಡಿದ ತುದಿಯಿಂದ ಇನ್ನೊಂದು ಹನಿ ಬಿತ್ತು, ಅದನ್ನು ಇನ್‌ಸ್ಪೆಕ್ಟರಿಗೆ ಕರೆದು ತೋರಿಸಿದೆ. ಹೊಸದನ್ನು ಪೈಪಿನಿಂದ ದೂರ, ಚಾಸಿಯ ಮೇಲಿನಿಂದ ಎಳೆದು ಕಟ್ಟಿದೆ. ರಿವರ್ಸ್ ಹಾಕು ಎಂದೆ. ಹಿಂದೆ ದೀಪ ಹತ್ತಿತು. ಎಲ್ಲ ಕಡೆ ಒರೆಸಿದೆ. ಹೊಸ ಹಾಳೆ ಹಾಸಿದರು.

ಎಂಜಿನ್ ಓಡಿತು. ಇನ್‌ಸ್ಪೆಕ್ಟರ್ ಸ್ಟೂಲ್ ತರಿಸಿ ಕೂತರು. ನಾನೂ ಎದುರಿಗೆ ಮಣ್ಣಿನಲ್ಲೇ ಕೂತೆ. ಅವರು ಹಾಳೆ ನೋಡಿದರು, ನಾನು ಅವರನ್ನು ನೋಡಿದೆ. ಹಿಂದಿನ ಗಾಡಿಗಳು ಹಾರನ್ ಹೊಡೆದು ಹೊಡೆದು ಸುಮ್ಮನಾದವು. ಒಂದು ಸಲ ಅವರೇ ಬಗ್ಗಿ ಸ್ವಿಚ್ಚಿಗೆ ಬೆರಳು ಮುಟ್ಟಿಸಿ, ಬೆರಳು ನೋಡಿ, ಮೂಸಿದರು.

"ಪೌಡರ್ ವಾಸನೆ" ಎಂದರು.

"ಹೌದು."

ಎದ್ದು ನಿಂತು ಹಾಳೆಯನ್ನು ಎಳೆದುಕೊಂಡರು. ಎರಡೂ ಮಗ್ಗುಲು ತಿರುಗಿಸಿ ನೋಡಿದರು. ಸರ್ಟಿಫಿಕೇಟನ್ನು ಬಾನೆಟ್ಟಿನ ಮೇಲಿಟ್ಟುಕೊಂಡು ರುಜು ಹಾಕಿ, ಸೀಲು ಒತ್ತಿ, ದೊಡ್ಡಮ್ಮನ ಕೈಗೆ ಕೊಟ್ಟರು. "ಒಂದು ವರ್ಷ. ಮುಂದಿನ ಸಲ ಯಾವ ಬಣ್ಣಾನೂ ಬೇಡ" ಎಂದರು. ದೊಡ್ಡಮ್ಮ ಅದನ್ನು ಓದಲೂ ಇಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು ಕ್ಯಾಬಿನ್ ಹತ್ತಿದಳು.

ಆಗ ಬಸ್ಸಿನವರು ಬಂದು ಮೆಲ್ಲಗೆ, "ವೈರ್ ಪುಕ್ಕಟೆ ಅಲ್ಲಮ್ಮ. ನಂದೂ ಒಂಚೂರು ಕೆಳಗೆ ನೋಡು. ಹಿಂದಿನ ಚಕ್ರದ ಹತ್ರ ಏನೋ ಬೆವರ್ತಿದೆ" ಎಂದರು.

ಹೋಗಿ ಮಲಗಿದೆ. ಬಸ್ಸಿನ ಹೊಟ್ಟೆ ಪೂರ್ತಿ ಕಪ್ಪು ಕೆಸರು, ಏನೂ ಕಾಣದು. "ಬೆವರಲ್ಲ, ಸೋರ್ತಿದೆ. ಸೀಮೆಎಣ್ಣೆ ತನ್ನಿ, ಬಟ್ಟೆ ತನ್ನಿ, ಮೊದಲು ತೊಳೀಬೇಕು" ಎಂದೆ.

"ಆಯಿಲ್ ಸೀಲ್ ಹೋಗಿರತ್ತೆ ಬಿಡು. ನಂಗೊತ್ತು."

"ಗೊತ್ತಿದ್ರೆ ಯಾಕೆ ಕರೆದ್ರಿ? ತನ್ನಿ."

ಅತ್ತ ದೊಡ್ಡಮ್ಮ ಗಾಡಿಯನ್ನು ಗೇಟಿನ ಬಾಯಿಗೆ ತಂದು ನಿಲ್ಲಿಸಿ ಹಾರನ್ ಹೊಡೆದಳು. "ಏನೇ, ಬರ್ತೀಯೋ ಬಿಟ್ಟು ಹೋಗ್ಲೋ?"

"ಇನ್ನೂ ಮುಗಿದಿಲ್ಲ. ಕಾಯ್ತಿರು" ಎಂದೆ.

ಎಂಜಿನ್ ನಿಂತ ಸದ್ದು ಕೇಳಿಸಿತು.